ಒಂದೇ ಮನೆ, ಎರಡು ಚರ್ಚು: ಪೋಪ್ ಪೀಠದ ಪ್ರಶ್ನೆ ಮಲೆನಾಡಿಗೆ ಬಂದ ದಾರಿ

2025 ರ ಏಪ್ರಿಲ್ 21, ಈಸ್ಟರ್‌ನ ಮರುದಿನ. ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತು. ಶಿವಮೊಗ್ಗದ ನಮ್ಮ ಮನೆಯಲ್ಲಿ ಅಪ್ಪ ಕುರ್ಚಿಯಿಂದ ಎದ್ದು ಶಿಲುಬೆಯ ಗುರುತು ಹಾಕಿಕೊಂಡರು. “ಜಗದ್ಗುರುಗಳು ಹೋದರು” ಅಂದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, “ಪಾಪ, ಬಡವರ ಪರ ಮಾತಾಡ್ತಿದ್ದ ಮನುಷ್ಯ” ಅಂದರು. ಇಬ್ಬರಿಗೂ ನಿಜವಾಗಿ ಬೇಸರವಾಗಿತ್ತು. ಆದರೆ ಅಪ್ಪ ಕಳೆದುಕೊಂಡಿದ್ದು ತಮ್ಮ ಗುರುವನ್ನು. ಅಮ್ಮ ಕಳೆದುಕೊಂಡಿದ್ದು ದೂರದ ಒಬ್ಬ ಒಳ್ಳೆಯವರನ್ನು.

ಅಪ್ಪನದು ಘಟ್ಟ ಹತ್ತಿ ಬಂದ ಕೊಂಕಣಿ ಕಥೋಲಿಕ ಮನೆತನ. ಅಜ್ಜನ ಕಾಲದಲ್ಲಿ ಕಾಫಿ ತೋಟದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಅಮ್ಮ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಎಂಬ, ಪೋಪ್ ಅಡಿಯಲ್ಲಿಲ್ಲದ ಪ್ರೊಟೆಸ್ಟೆಂಟ್ ಸಭೆಯವರು. ಅವರ ಅಜ್ಜನ ಕಾಲಕ್ಕೆ ಅದು ವೆಸ್ಲಿಯನ್ ಮಿಷನ್, ಅಂದರೆ ಇಂಗ್ಲೆಂಡಿನ ಮೆಥಡಿಸ್ಟರದು.

ಆ ಸಂಜೆ ಪಕ್ಕದ ಮನೆಯವರು ಮಾತಾಡಿಸಲು ಬಂದರು. ತೀರ್ಥಹಳ್ಳಿ ಕಡೆಯವರು, ಹಳೆಯ ಸ್ನೇಹ. ಅವರು ಕೇಳಿದ್ದು ಸರಳ ಪ್ರಶ್ನೆ. “ನೀವೆಲ್ಲ ಕ್ರಿಶ್ಚಿಯನ್ನರೇ ಅಲ್ವಾ? ಮತ್ತೆ ಇವರಿಗೆ ಜಗದ್ಗುರು ಆದವರು ಅವರಿಗೆ ಯಾಕೆ ಆಗಲ್ಲ?”

ಮಲೆನಾಡಿನಲ್ಲಿ ಈ ಪ್ರಶ್ನೆ ಬರಲೇಬೇಕು. ಕನ್ನಡದ ಕಥೋಲಿಕರು ಪೋಪ್ ಅವರನ್ನು ಕರೆಯಲು ಆರಿಸಿಕೊಂಡ ಪದವೇ ಜಗದ್ಗುರು. ಇಲ್ಲಿ ಆ ಪದಕ್ಕೆ ಆಗಲೇ ಮನೆ ಇದೆ. ತುಂಗೆಯ ದಡದಲ್ಲಿ ಶೃಂಗೇರಿ ಇದೆ. ಭದ್ರೆಯ ದಡದಲ್ಲಿ ಬಾಳೆಹೊನ್ನೂರು ಇದೆ. ಹೊಸನಗರ ಕಡೆ ಹೋದರೆ ರಾಮಚಂದ್ರಾಪುರ ಮಠ ಇದೆ. ಒಂದೊಂದು ಮನೆತನಕ್ಕೆ ಒಂದೊಂದು ಮಠ, ಒಂದೊಂದು ಗುರುಪರಂಪರೆ. ನಮ್ಮ ನೆರೆಯವರೂ ಹಾಗೇ ಅಂದುಕೊಂಡಿದ್ದರು. ಅಪ್ಪನದು ಒಂದು ಮಠ, ಅಮ್ಮನದು ಇನ್ನೊಂದು ಮಠ, ಅಷ್ಟೇ.

ಅಷ್ಟೇ ಆಗಿದ್ದರೆ ಜಗಳವೇ ಇರುತ್ತಿರಲಿಲ್ಲ. ರೋಮಿನ ಪೀಠ ಹೇಳುವುದು, ಕ್ರಿಸ್ತನನ್ನು ನಂಬಿದ ಎಲ್ಲರಿಗೂ ಈ ಭೂಮಿಯ ಮೇಲೆ ಒಬ್ಬನೇ ಕುರುಬ ಎಂದು. ಆ ‘ಎಲ್ಲರಿಗೂ’ ಎನ್ನುವ ಮಾತಿಗೇ ಅಮ್ಮನ ಕಡೆಯವರು ಒಪ್ಪದೆ ನಿಂತಿದ್ದಾರೆ.

ಅವತ್ತು ನಾನು ಏನೋ ಹೇಳಿ ಮುಗಿಸಿದೆ. ಆಮೇಲೆ ಮನಸ್ಸು ತಡೆಯಲಿಲ್ಲ. ಓದಿದೆ. ಅಪ್ಪನ ಕಡೆ ಗುರುಗಳನ್ನು ಕೇಳಿದೆ, ಅಮ್ಮನ ಸಭೆಯ ಪಾದ್ರಿ ಅಯ್ಯನವರನ್ನೂ ಕೇಳಿದೆ. ತಿಳಿದಂತೆಲ್ಲ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗುತ್ತಾ ಬಂತು. ಪೋಪ್ ಬೇಕೋ ಬೇಡವೋ ಎಂಬ ಪ್ರಶ್ನೆಗಿಂತ ಹಳೆಯದೂ ಆಳದ್ದೂ ಆದ ಪ್ರಶ್ನೆ ಇನ್ನೊಂದಿದೆ: ಆ ಪೀಠದಲ್ಲಿ ಕೂತವರ ಕೈಯಲ್ಲಿ ಎಷ್ಟು ಅಧಿಕಾರ ಇರಬೇಕು?

ಬಂಡೆ ಯಾವುದು?

ಎಲ್ಲ ಶುರುವಾಗುವುದು ಮತ್ತಾಯನ ಸುವಾರ್ತೆಯ 16 ನೇ ಅಧ್ಯಾಯದಿಂದ. ಯೇಸು ತನ್ನ ಶಿಷ್ಯ ಸಿಮೋನನಿಗೆ ಪೇತ್ರ ಎಂಬ ಹೆಸರು ಕೊಡುತ್ತಾನೆ. ಆ ಹೆಸರಿನ ಅರ್ಥವೇ ಬಂಡೆ. ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುತ್ತೇನೆ, ಸ್ವರ್ಗದ ಕೀಲಿಕೈಗಳನ್ನು ನಿನಗೆ ಕೊಡುತ್ತೇನೆ ಅನ್ನುತ್ತಾನೆ.

ಅಪ್ಪನ ಕಡೆಯವರು ಇದನ್ನು ಓದುವ ರೀತಿ ನೇರ. ಬಂಡೆ ಅಂದರೆ ಪೇತ್ರ. ಪೇತ್ರ ರೋಮಿನಲ್ಲಿ ಹುತಾತ್ಮನಾದ. ರೋಮಿನ ಬಿಷಪ್ ಅವನ ಜಾಗದಲ್ಲಿ ಕೂರುವವರು. “ನನ್ನ ಕುರಿಗಳನ್ನು ಮೇಯಿಸು” ಎಂದು ಯೋಹಾನನ ಸುವಾರ್ತೆಯಲ್ಲಿ ಹೇಳಿದ್ದೂ ಪೇತ್ರನಿಗೇ. ಅಮ್ಮನ ಕಡೆಯವರು ಬೇರೆ ರೀತಿ ಓದುತ್ತಾರೆ. ಬಂಡೆ ಅಂದರೆ ಪೇತ್ರನ ಬಾಯಿಂದ ಬಂದ ನಂಬಿಕೆಯ ಮಾತು, ‘ನೀನೇ ಕ್ರಿಸ್ತ’ ಎಂಬ ಮಾತು. ಯೇಸು ಕ್ರಿಸ್ತನ ಹೊರತು ಬೇರೆ ಅಡಿಪಾಯ ಇಲ್ಲ ಎಂದು ಪೌಲ ಕೊರಿಂಥದವರಿಗೆ ಬರೆದಿಲ್ಲವೇ ಎಂದು ಕೇಳುತ್ತಾರೆ. ಅಂತಿಯೋಕ್ಯದಲ್ಲಿ ಇದೇ ಪೌಲ ಪೇತ್ರನನ್ನು ಎದುರಿಗೇ ತಪ್ಪು ಅಂದ ಪ್ರಸಂಗವನ್ನು ಗಲಾತ್ಯದವರಿಗೆ ಬರೆದ ಪತ್ರದಿಂದ ತೆಗೆದು ತೋರಿಸುತ್ತಾರೆ.

ಎರಡು ಓದಿಗೂ ಹಳೆಯ ಬೇರಿದೆ. ಮೊದಲ ಶತಮಾನಗಳಲ್ಲಿ ರೋಮಿನ ಸಭೆಗೆ ದೊಡ್ಡ ಗೌರವ ಇತ್ತು. 451 ರಲ್ಲಿ ಕಾಲ್ಸಿಡನ್ ಮಹಾಸಭೆಯಲ್ಲಿ ಪೋಪ್ ಮೊದಲನೇ ಲಿಯೋ ಅವರ ಪತ್ರ ಓದಿದಾಗ, ಲಿಯೋ ಬಾಯಿಂದ ಪೇತ್ರನೇ ಮಾತಾಡಿದ ಎಂದು ಬಿಷಪರು ಕೂಗಿದರು. ಅದೇ ಮಹಾಸಭೆ, ರೋಮಿನ ಮಾತು ಮೀರಿ, ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ರೋಮಿನಷ್ಟೇ ಗೌರವ ಎಂದು ಬರೆಯಿತು. ಗೌರವದಲ್ಲಿ ನೀವು ಮೊದಲಿಗರು, ಆಳುವುದರಲ್ಲಿ ಅಲ್ಲ ಎಂದು ಪೂರ್ವದ ಸಭೆಗಳು, ಅಂದರೆ ಆರ್ಥೊಡಾಕ್ಸರು, ಇವತ್ತಿಗೂ ಹೇಳುತ್ತಾರೆ. 1054 ರಲ್ಲಿ ಎರಡು ಕಡೆಯವರೂ ಪರಸ್ಪರ ಬಹಿಷ್ಕಾರ ಹಾಕಿಕೊಂಡರು. ಅದನ್ನು ವಾಪಸ್ ತೆಗೆದುಕೊಳ್ಳಲು 1965 ರ ಡಿಸೆಂಬರ್ ಬರಬೇಕಾಯಿತು.

ಪಶ್ಚಿಮದಲ್ಲಿ ಪೋಪ್ ಅಧಿಕಾರ ಬೆಳೆಯುತ್ತಾ ಹೋಯಿತು. ರಾಜರ ಮೇಲೂ ನಡೆಯಬೇಕು ಎನ್ನುವ ಮಟ್ಟಕ್ಕೆ ಬಂತು. 1378 ರಿಂದ ಸುಮಾರು ನಲವತ್ತು ವರ್ಷ ಇಬ್ಬರು ಪೋಪ್‌ಗಳು, ಕೊನೆಕೊನೆಗೆ ಮೂವರು, ನಾನೇ ನಿಜವಾದವನು ಎಂದು ಕೂತರು. ಜನರಿಗೆ ಆಗಿರಬಹುದಾದ ಗೊಂದಲ ಊಹಿಸಿಕೊಳ್ಳಿ. ಅದನ್ನು ಬಗೆಹರಿಸಿದ ಕಾನ್‌ಸ್ಟನ್ಸ್ ಮಹಾಸಭೆಯೇ 1415 ರಲ್ಲಿ ಯಾನ್ ಹುಸ್ ಎಂಬ ಸುಧಾರಕನನ್ನು ಸುಟ್ಟಿತು. ನೂರು ವರ್ಷದ ಮೇಲೆ ಬಂದ ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್, ಹುಸ್ ಹೇಳಿದ್ದರಲ್ಲಿ ಸತ್ಯ ಇತ್ತು ಅಂದಾಗ ಎಲ್ಲರೂ ಬೆಚ್ಚಿದ್ದು ಅದಕ್ಕೇ.

ಲೂಥರ್ ಶುರು ಮಾಡಿದ್ದು ಪೋಪ್ ಬೇಡ ಎಂದಲ್ಲ. 1517 ರ ಅಕ್ಟೋಬರ್ 31 ರ ಅವರ 95 ವಾದಗಳಲ್ಲಿದ್ದದ್ದು ಪಾಪದ ಶಿಕ್ಷೆ ಕಡಿಮೆ ಮಾಡುವ ಪತ್ರಗಳನ್ನು ಮಾರುವುದರ ವಿರುದ್ಧದ ಸಿಟ್ಟು. ಆದರೆ ರೋಮ್ ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ಹೀಗೆ ಹೇಳಲು ಅಧಿಕಾರ ಕೊಟ್ಟವರು ಯಾರು? ಅಲ್ಲಿಂದ ಮಾತು ಅಧಿಕಾರದ ಕಡೆ ತಿರುಗಿತು. 1521 ರ ಜನವರಿಯಲ್ಲಿ ಬಹಿಷ್ಕಾರ ಬಂತು. ಪೋಪ್ ಕ್ರಿಸ್ತವಿರೋಧಿ ಎಂಬ ಮಾತು ಪ್ರೊಟೆಸ್ಟೆಂಟರ ನಂಬಿಕೆ ಪತ್ರಗಳಿಗೂ ಸೇರಿತು.

ಇಲ್ಲಿ ಒಂದು ಪುಟ್ಟ ಘಟನೆ ಇದೆ. ನನಗೆ ಅದು ತುಂಬ ದೊಡ್ಡದಾಗಿ ಕಾಣುತ್ತದೆ. 1537 ರಲ್ಲಿ ಲೂಥರ್ ಬರೆದ ಸ್ಮಾಲ್ಕಾಲ್ಡ್ ಲೇಖನಗಳಿಗೆ ಅವರ ಕಡೆಯವರೆಲ್ಲ ಸಹಿ ಹಾಕುತ್ತಿದ್ದರು. ಅದರಲ್ಲಿ ಪೋಪ್ ವಿರುದ್ಧ ಖಾರವಾದ ಮಾತುಗಳಿವೆ. ಲೂಥರ್‌ಗೆ ತೀರಾ ಹತ್ತಿರದವರಾದ ಫಿಲಿಪ್ ಮೆಲಾಂಕ್ಥನ್ ಸಹಿಯ ಜೊತೆ ಒಂದು ಟಿಪ್ಪಣಿ ಬರೆದರು. ಪೋಪ್ ಸುವಾರ್ತೆಗೆ ದಾರಿ ಬಿಟ್ಟುಕೊಟ್ಟರೆ, ಶಾಂತಿಗಾಗಿ, ಬಿಷಪರ ಮೇಲೆ ಅವರಿಗಿರುವ ಹಿರಿತನವನ್ನು ನಾವು ಒಪ್ಪಬಹುದು. ಆದರೆ ಅದು ಮನುಷ್ಯರು ಮಾಡಿಕೊಂಡ ಏರ್ಪಾಡು, ದೇವರ ಕಟ್ಟಳೆ ಅಲ್ಲ. ಇದಿಷ್ಟು ಅದರ ತಿರುಳು. ಜಗಳ ಕಾದ ಕಬ್ಬಿಣದಂತಿದ್ದ ಹೊತ್ತಿನಲ್ಲಿ ಒಬ್ಬರು ಬಾಗಿಲನ್ನು ಪೂರ್ತಿ ಮುಚ್ಚದೆ ಬಿಟ್ಟರು. ಇವತ್ತಿನ ಮಾತುಕತೆಗಳು ನಡೆಯುತ್ತಿರುವುದು ಹೆಚ್ಚು ಕಡಿಮೆ ಆ ಸಂದಿಯಲ್ಲೇ.

ಕೆಳದಿ ಸೀಮೆಯಲ್ಲಿ ಇಬ್ಬರು ಯಜಮಾನರು

ಪೋಪ್ ಅಧಿಕಾರದ ಜಗಳ ಎಲ್ಲೋ ಯೂರೋಪಿನದು ಎಂದು ನಾನು ಅಂದುಕೊಂಡಿದ್ದೆ. ಆದರೆ ಅದು ಕೆಳದಿಯ ನಾಯಕರು ಆಳಿದ ಸೀಮೆಯಲ್ಲೂ ನಡೆದಿದೆ. ಅದೂ ಕಥೋಲಿಕರ ನಡುವೆಯೇ.

ಪೋರ್ಚುಗೀಸರು ಹಡಗು ಹತ್ತಿ ಬಂದ ಕಾಲದಲ್ಲಿ ಪೋಪ್‌ಗಳು ಅವರ ರಾಜನಿಗೆ ಒಂದು ಹಕ್ಕು ಕೊಟ್ಟಿದ್ದರು. ಹೊಸ ನಾಡುಗಳಲ್ಲಿ ಇಗರ್ಜಿ ಕಟ್ಟಿಸುವುದು, ಗುರುಗಳನ್ನು ಕಳಿಸುವುದು, ಬಿಷಪ್ ಆಗುವವರ ಹೆಸರು ಸೂಚಿಸುವುದು ರಾಜನ ಕೆಲಸ. ಇದಕ್ಕೆ ಪದ್ರುವಾದೊ ಎಂದು ಹೆಸರು. ಗೋವಾ ಅದರ ಕೇಂದ್ರ. ನೂರು ವರ್ಷ ಕಳೆಯುವಷ್ಟರಲ್ಲಿ ಪೋರ್ಚುಗಲ್‌ನ ಕೈ ಸೋತಿತು. ಹಕ್ಕು ಉಳಿಯಿತು, ಕೆಲಸ ನಿಂತಿತು. 1622 ರಲ್ಲಿ ರೋಮ್ ಪ್ರೊಪಗಾಂಡ ಎಂಬ ತನ್ನದೇ ಇಲಾಖೆ ಮಾಡಿ, ಬಿಷಪರನ್ನು ನೇರವಾಗಿ ಕಳಿಸಲು ಶುರು ಮಾಡಿತು. ಒಂದೇ ಇಗರ್ಜಿಗೆ ಇಬ್ಬರು ಯಜಮಾನರು ಆದರು.

1680 ರ ಹೊತ್ತಿಗೆ ಕರಾವಳಿಯ ಕನ್ನಡ ಜಿಲ್ಲೆಗಳು ಕೆಳದಿಯವರ ಕೈಯಲ್ಲಿದ್ದವು. ಬಿದನೂರು ರಾಜಧಾನಿ, ಅಂದರೆ ಈಗ ಹೊಸನಗರ ತಾಲ್ಲೂಕಿನಲ್ಲಿರುವ ನಗರ. ಆಳುತ್ತಿದ್ದವರು ರಾಣಿ ಚೆನ್ನಮ್ಮಾಜಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಅದೇ ಚೆನ್ನಮ್ಮ. ಗೋವಾ ಬಿಟ್ಟು ಬಂದ ಕೊಂಕಣಿ ಕ್ರೈಸ್ತರು ಆ ಸೀಮೆಯಲ್ಲಿ ಗದ್ದೆ ಮಾಡಿಕೊಂಡಿದ್ದರು. ನಮ್ಮ ಅಪ್ಪನಂಥವರ ಹಿಂದಿನ ತಲೆಮಾರುಗಳು ಅವರೇ.

ಮಂಗಳೂರಿಗೆ ರೋಮಿನಿಂದ ನೇಮಕವಾಗಿ ಬಂದ ಬಿಷಪ್ ತೋಮಸ್ ದ ಕಾಸ್ತ್ರೊ ಇದ್ದರು. ಅವರೂ ಗೋವಾ ಮೂಲದವರೇ. ಗೋವಾದ ಆರ್ಚ್‌ಬಿಷಪ್ ಕಡೆಯವರು ಅವರ ಅಧಿಕಾರವನ್ನು ಒಪ್ಪಲಿಲ್ಲ. ಹಾಗಾದರೆ ಈ ಗುರು ಮಾಡಿಸಿದ ಮದುವೆ ಸರಿಯೋ, ಆ ಗುರು ಕೊಟ್ಟ ಪಾಪಕ್ಷಮೆ ಸರಿಯೋ? ಜನ ಎರಡು ಗುಂಪಾದರು. 1681 ರಲ್ಲಿ ಗೋವಾದಿಂದ ಜುಸೆ ವಾಜ್ ಎಂಬ ಗುರುಗಳು ಇಲ್ಲಿಗೆ ಬಂದರು. ಮೂವತ್ತರ ಆಸುಪಾಸಿನ ವಯಸ್ಸು. ಅವರು ಬಂದದ್ದು ಒಂದು ಕಡೆಯ ಅಧಿಕಾರಿಯಾಗಿ. ಆದರೆ ಅವರ ಹೆಸರು ಉಳಿದದ್ದು ಜಗಳ ಬೆಳೆಸದೆ ಸಮಾಧಾನ ಮಾಡಲು ನೋಡಿದವರಾಗಿ. ಬರಿಗಾಲಲ್ಲಿ ಊರೂರು ತಿರುಗಿ, ಯಾರ ಕಡೆಯವರು ಎಂದು ಕೇಳದೆ ಜನರನ್ನು ನೋಡಿಕೊಂಡರು.

ವಾಜ್ ಅವರ ಮುಂದಿನ ಬದುಕು ನನ್ನನ್ನು ಇನ್ನೂ ಕಾಡುತ್ತದೆ. 1687 ರಲ್ಲಿ ಅವರು ಸಿಲೋನಿಗೆ ಹೋದರು. ಅಲ್ಲಿನ ಕರಾವಳಿಯಲ್ಲಿ ಡಚ್ಚರ ಆಳ್ವಿಕೆ. ಡಚ್ಚರು ಪ್ರೊಟೆಸ್ಟೆಂಟರು. ಕಥೋಲಿಕ ಗುರುಗಳು ಬರುವಂತಿಲ್ಲ, ಪೂಜೆ ನಡೆಸುವಂತಿಲ್ಲ. ವಾಜ್ ವೇಷ ಮರೆಸಿಕೊಂಡು ಒಳಗೆ ಹೋಗಿ, ರಾತ್ರಿ ಹೊತ್ತು ಮನೆಗಳಲ್ಲಿ ಪೂಜೆ ಮಾಡಿದರು. ಕಥೋಲಿಕರು ಕಥೋಲಿಕರ ಮೇಲೆ ಮಾಡುವುದನ್ನೂ, ಪ್ರೊಟೆಸ್ಟೆಂಟರು ಕಥೋಲಿಕರ ಮೇಲೆ ಮಾಡುವುದನ್ನೂ ಒಬ್ಬರೇ ಮನುಷ್ಯ ನೋಡಿದರು. 2015 ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಿದರು.

ಪದ್ರುವಾದೊ ಜಗಳ ಅಲ್ಲಿಗೆ ಮುಗಿಯಲಿಲ್ಲ. ಇನ್ನೂ ಇನ್ನೂರು ವರ್ಷ ಎಳೆಯಿತು. ಆಗುಂಬೆ ಘಾಟಿ ಇಳಿದು ಉಡುಪಿ ದಾರಿ ಹಿಡಿದರೆ ಬ್ರಹ್ಮಾವರದ ಕಡೆ ಅದರ ಕೊನೆಯ ಗಾಯ ಇವತ್ತಿಗೂ ನೋಡಬಹುದು. 1886 ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡು ಸೀಮೆ ಹಂಚಿಕೊಂಡವು. ಗೋವಾದ ಕೆಳಗೆ ಇದ್ದವರು ಮಂಗಳೂರು ಧರ್ಮಪ್ರಾಂತ್ಯದ ಕೆಳಗೆ ಬಂದರು. ಜನರನ್ನು ಯಾರೂ ಕೇಳಲಿಲ್ಲ. ಬ್ರಹ್ಮಾವರದ ಒಂದು ಗುಂಪು ಒಪ್ಪಲಿಲ್ಲ. ಗೋವಾದ ಗುರು ಆಲ್ವಾರಿಸ್ ಅವರ ಮುಂದಾಳಾದರು. 1889 ರಲ್ಲಿ ಅವರು ಕೇರಳದ ಸಿರಿಯನ್ ಆರ್ಥೊಡಾಕ್ಸ್ ಸಭೆಯಿಂದ ಬಿಷಪ್ ದೀಕ್ಷೆ ಪಡೆದು ಮಾರ್ ಜೂಲಿಯಸ್ ಆದರು. ಆ ಕೊಂಕಣಿ ಜನ ಇವತ್ತಿಗೂ ಅಲ್ಲಿದ್ದಾರೆ. ಪ್ರಾರ್ಥನೆ ಕೊಂಕಣಿಯದು, ಮನೆತನದ ಹೆಸರುಗಳು ನಮ್ಮವೇ. ಪೋಪ್ ಮಾತ್ರ ಇಲ್ಲ. ಅವರು ಬೈಬಲ್ ಓದಿ ಪೋಪ್ ಬೇಡ ಅಂದವರಲ್ಲ. ತಮ್ಮನ್ನು ಕೇಳದೆ ಗಡಿ ಎಳೆದರು ಎಂಬ ನೋವಿನಿಂದ ಹೊರಗೆ ಹೋದವರು.

1870 ರ ಗುಡುಗು

ಅಮ್ಮನ ಕಡೆಯವರು ಪೋಪ್ ಬಗ್ಗೆ ಮಾತಾಡುವಾಗ ತಪ್ಪದೆ ಬರುವ ಮಾತು ‘ಪೋಪ್ ತಪ್ಪೇ ಮಾಡಲ್ಲ ಅಂತಾರಲ್ಲ’ ಎಂಬುದು. ಇದು ಅರ್ಧ ಸರಿ, ಅರ್ಧ ತಪ್ಪು ತಿಳಿವಳಿಕೆ. 1870 ರ ಜುಲೈ 18 ರಂದು ಮೊದಲನೇ ವ್ಯಾಟಿಕನ್ ಮಹಾಸಭೆ ಇದನ್ನು ತೀರ್ಮಾನಿಸಿತು. ಹೊರಗೆ ಗುಡುಗು ಮಿಂಚು. 533 ಜನ ಹೌದು ಅಂದರು, ಇಬ್ಬರು ಬೇಡ ಅಂದರು. ಒಪ್ಪದ ಹಲವರು ಮತಕ್ಕೆ ಮೊದಲೇ ಊರು ಬಿಟ್ಟಿದ್ದರು. ಎರಡು ತಿಂಗಳಲ್ಲಿ ಇಟಲಿಯ ಸೇನೆ ರೋಮಿಗೆ ನುಗ್ಗಿತು. ಸಾವಿರ ವರ್ಷದ ಪೋಪ್ ರಾಜ್ಯ ಮುಗಿಯಿತು. ನೆಲದ ಅಧಿಕಾರ ಕೈ ಜಾರಿದ ವರ್ಷವೇ ಬೋಧನೆಯ ಅಧಿಕಾರ ಹಿಂದೆಂದಿಗಿಂತ ಎತ್ತರಕ್ಕೆ ಹೋಯಿತು.

ಆ ತೀರ್ಮಾನ ಪೋಪ್ ಪಾಪ ಮಾಡುವುದಿಲ್ಲ ಎಂದು ಹೇಳುವುದಿಲ್ಲ. ಅವರು ಆಡುವ ಪ್ರತಿ ಮಾತೂ ಸತ್ಯ ಎಂದೂ ಹೇಳುವುದಿಲ್ಲ. ನಂಬಿಕೆ ಅಥವಾ ನೀತಿಯ ವಿಷಯದಲ್ಲಿ, ಇಡೀ ಸಭೆಗೆ, ಪೇತ್ರನ ಪೀಠದಿಂದ ವಿಧಿವತ್ತಾಗಿ ಕೊನೆಯ ಮಾತು ಎಂದು ಸಾರಿದಾಗ ಮಾತ್ರ ಅದು ತಪ್ಪಾಗದು ಎನ್ನುತ್ತದೆ. 1870 ರ ನಂತರ ಇದನ್ನು ಸ್ಪಷ್ಟವಾಗಿ ಬಳಸಿದ್ದು ಒಂದೇ ಸಲ, 1950 ರಲ್ಲಿ, ಮರಿಯಮ್ಮನವರ ಸ್ವರ್ಗಾರೋಹಣದ ಬಗ್ಗೆ. ಆಗಸ್ಟ್ 15 ಕ್ಕೆ ನಮ್ಮ ಇಗರ್ಜಿಯಲ್ಲಿ ಧ್ವಜ ಹಾರಿಸುವುದು, ಹಬ್ಬದ ಪೂಜೆ ಎರಡೂ ಇರುತ್ತದೆ. ಆ ಹಬ್ಬ ಅದೇ.

ನಿಜವಾಗಿ ಕಷ್ಟದ ಮಾತು ಅದೇ ತೀರ್ಮಾನದ ಇನ್ನೊಂದು ಭಾಗದಲ್ಲಿದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಪ್ರಪಂಚದ ಪ್ರತಿ ಧರ್ಮಪ್ರಾಂತ್ಯದ ಮೇಲೂ, ಪ್ರತಿ ಕ್ರೈಸ್ತನ ಮೇಲೂ ಪೋಪ್‌ಗೆ ನೇರವಾದ ಪೂರ್ಣ ಅಧಿಕಾರ ಇದೆ ಎಂದು ಅದು ಹೇಳುತ್ತದೆ. ಆರ್ಥೊಡಾಕ್ಸರಿಗೂ, ಇಂಗ್ಲೆಂಡಿನ ಸಭೆಯ ಆಂಗ್ಲಿಕನ್ನರಿಗೂ, ಅಮ್ಮನ ಸಭೆಗೂ ಗಂಟಲಲ್ಲಿ ಇಳಿಯದ ತುತ್ತು ಅದು.

1896 ರಲ್ಲಿ ಇನ್ನೊಂದು ಏಟು ಬಿತ್ತು. ಆಂಗ್ಲಿಕನ್ನರು ಗುರುಗಳಿಗೆ, ಬಿಷಪರಿಗೆ ಕೊಡುವ ದೀಕ್ಷೆ ಪೂರ್ತಿಯಾಗಿ ಅಸಿಂಧು ಎಂದು ಪೋಪ್ ಹದಿಮೂರನೇ ಲಿಯೋ ಸಾರಿದರು. ಅಮ್ಮನ ಸಭೆಯ ಬಿಷಪ್ ಪರಂಪರೆ ಬಂದದ್ದು ಆಂಗ್ಲಿಕನ್ನರಿಂದ. ಹಾಗಾಗಿ ಇವತ್ತಿಗೂ ಸಿಎಸ್‌ಐ ಬಿಷಪ್ ಒಬ್ಬರು ಕಥೋಲಿಕ ಇಗರ್ಜಿಗೆ ಬಂದರೆ ಹಾರ ಹಾಕುತ್ತಾರೆ, ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ರೋಮಿನ ಪುಸ್ತಕದಲ್ಲಿ ಮಾತ್ರ ಅವರ ದೀಕ್ಷೆ ಲೆಕ್ಕಕ್ಕಿಲ್ಲ.

ಬಿಷಪ್ ಬೇಡ ಅಂದವರು ಬಿಷಪರನ್ನು ಒಪ್ಪಿದ್ದು

ಈಗ ಅಮ್ಮನ ಕಡೆಯ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಲ್ಲಿ ದಕ್ಷಿಣ ಭಾರತದವರು ಯೂರೋಪಿಗೂ ಆಗದ್ದನ್ನು ಮಾಡಿ ತೋರಿಸಿದ್ದಾರೆ.

ಕರಾವಳಿಗೆ 1834 ರಲ್ಲಿ ಬಾಸೆಲ್ ಮಿಷನ್ ಬಂತು. ಬಳ್ಳಾರಿಯಲ್ಲಿ ಲಂಡನ್ ಮಿಷನ್. ಹಳೆಯ ಮೈಸೂರಿನಲ್ಲಿ, ಗುಬ್ಬಿ, ತುಮಕೂರು, ಶಿವಮೊಗ್ಗದ ಕಡೆಯೆಲ್ಲ ವೆಸ್ಲಿಯನ್ನರು. ಒಬ್ಬೊಬ್ಬರದು ಒಂದೊಂದು ದೇಶ, ಒಂದೊಂದು ಪದ್ಧತಿ. ಕನ್ನಡದ ಸತ್ಯವೇದ ಎಲ್ಲರಿಗೂ ಒಂದೇ. ಆದರೆ ಒಂದು ಮಿಷನ್ ಸೀಮೆಯಿಂದ ಇನ್ನೊಂದಕ್ಕೆ ಹೋದರೆ ಸಭೆಯೇ ಬೇರೆ.

1919 ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಸಭಾಪಾಲಕರು ಸೇರಿದರು. ಹೆಚ್ಚಿನವರು ಭಾರತೀಯರು. ಮುಂದಾಳು ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅವರು ಹೊರಡಿಸಿದ ಹೇಳಿಕೆಯ ಸಾರ ಇಷ್ಟು: ಈ ಒಡಕುಗಳಿಂದ ನಾವು ದುರ್ಬಲರಾಗಿದ್ದೇವೆ. ಇವನ್ನು ಮಾಡಿದವರು ನಾವಲ್ಲ. ಹೊರಗಿನಿಂದ ನಮ್ಮ ಮೇಲೆ ಹೊರಿಸಿದ್ದು. ಬ್ರಹ್ಮಾವರದವರು ಇದನ್ನು ಓದಿದ್ದರೆ ತಮ್ಮದೇ ಮಾತು ಅಂದುಕೊಳ್ಳುತ್ತಿದ್ದರು.

ದೊಡ್ಡ ಮುಳ್ಳು ಇದ್ದದ್ದು ಬಿಷಪ್ ವಿಷಯದಲ್ಲಿ. ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದ ಸಭೆ ಸಭೆಯೇ ಅಲ್ಲ. ಬಿಷಪರಿಲ್ಲದೆ ನಡೆಯುವ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಕಡೆಯವರಿಗೆ ಬಿಷಪ್ ಅಂದರೆ ಚಿಕ್ಕ ಪೋಪ್. ಅವರ ಹಿಂದಿನವರು ಬಿಷಪರ ಕೈಯಲ್ಲಿ ನೊಂದವರು. ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ಕೊನೆಗೆ ಸಿಕ್ಕ ದಾರಿ ನನಗೆ ತುಂಬ ಜಾಣತನದ್ದು ಅನ್ನಿಸುತ್ತದೆ. ಈಗಾಗಲೇ ಸಭಾಪಾಲಕರಾದವರಿಗೆ ಮತ್ತೆ ದೀಕ್ಷೆ ಬೇಡ, ಇದ್ದ ಹಾಗೇ ಒಪ್ಪೋಣ. ಮುಂದೆ ಆಗುವವರಿಗೆಲ್ಲ ಬಿಷಪರೇ ದೀಕ್ಷೆ ಕೊಡಲಿ. ಮೂವತ್ತು ವರ್ಷ ಹೀಗೆ ಒಟ್ಟಿಗೆ ಬದುಕಿ, ಉಳಿದದ್ದನ್ನು ಆಮೇಲೆ ನೋಡೋಣ. ಯಾವ ಸಭೆಗೂ ಅದರ ಮನಸ್ಸಾಕ್ಷಿ ಒಪ್ಪದ ಸಭಾಪಾಲಕರನ್ನು ಹೇರುವುದಿಲ್ಲ. ಬಿಷಪ್ ಇರುತ್ತಾರೆ, ಆದರೆ ಕಟ್ಟುನಿಟ್ಟಾದ ಸಂವಿಧಾನದ ಒಳಗೆ.

1947 ರ ಸೆಪ್ಟೆಂಬರ್ 27. ಸ್ವಾತಂತ್ರ್ಯ ಬಂದು ಆರು ವಾರ. ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಒಂದೇ ಸಭೆಯಾದರು. ಬಿಷಪರಿರುವ ಸಭೆ ಮತ್ತು ಬಿಷಪರಿಲ್ಲದ ಸಭೆಗಳು ಹೀಗೆ ಒಂದಾಗಿದ್ದು ಪ್ರಪಂಚದಲ್ಲಿ ಅದೇ ಮೊದಲು. ಅಜರಯ್ಯ ಅದನ್ನು ನೋಡಲಿಲ್ಲ. 1945 ರ ಹೊಸ ವರ್ಷದ ದಿನ ತೀರಿಕೊಂಡಿದ್ದರು. ಇಂಗ್ಲೆಂಡಿನಲ್ಲಿ ಕೆಲವರು ಇದನ್ನು ಕಟುವಾಗಿ ವಿರೋಧಿಸಿದರು. ಅಮ್ಮನ ಅಜ್ಜ ಮಾತ್ರ ಅವತ್ತು ವೆಸ್ಲಿಯನ್ ಆಗಿ ಮಲಗಿ ಸಿಎಸ್‌ಐ ಆಗಿ ಎದ್ದೆ ಎಂದು ಮನೆಯವರ ಹತ್ತಿರ ಹೇಳುತ್ತಿದ್ದರಂತೆ.

ಪೋಪ್ ವಿಷಯಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಬಿಷಪ್ ಎಂಬ ಪದ ಕೇಳಿದರೆ ಬೆಚ್ಚುತ್ತಿದ್ದವರು, ಆ ಅಧಿಕಾರಕ್ಕೆ ಬೇಲಿ ಹಾಕಿದ ಮೇಲೆ, ಅದನ್ನು ಪ್ರೀತಿಯಿಂದಲೇ ಒಪ್ಪಿದರು. ರೋಮಿನ ಪೀಠದ ವಿಷಯದಲ್ಲೂ ಹೀಗೆ ಆಗಬಾರದೇ? ಇದು ನನ್ನ ಆಸೆ, ಯಾರದೂ ತೀರ್ಮಾನ ಅಲ್ಲ.

ಬಾಗಿಲು ತೆರೆದದ್ದು

ರೋಮ್ 1928 ರಲ್ಲಿ ಕ್ರೈಸ್ತರ ಐಕ್ಯತೆಗಾಗಿ ಸೇರುವ ಕೂಟಗಳಿಗೆ ಕಥೋಲಿಕರು ಹೋಗಬಾರದು ಎಂದು ಹೇಳಿತ್ತು. ಐಕ್ಯತೆ ಬೇಕಾದರೆ ಹೊರಗೆ ಹೋದವರು ಮನೆಗೆ ವಾಪಸ್ ಬರಲಿ. ಮೂವತ್ತೇ ವರ್ಷದಲ್ಲಿ ಗಾಳಿ ತಿರುಗಿತು. ಪೋಪ್ ಇಪ್ಪತ್ತಮೂರನೇ ಜಾನ್ ಕರೆದ ಎರಡನೇ ವ್ಯಾಟಿಕನ್ ಮಹಾಸಭೆಗೆ ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ವೀಕ್ಷಕರು ಬಂದರು. 1964 ರ ನವೆಂಬರ್ 21 ರಂದು ಮಹಾಸಭೆ ಅವರನ್ನು ಬೇರ್ಪಟ್ಟ ಸಹೋದರರು ಎಂದು ಕರೆಯಿತು. ಒಡಕಿಗೆ ಎರಡು ಕಡೆಯವರೂ ಕಾರಣ ಎಂದು ಒಪ್ಪಿತು. ಪೂಜೆ ಲ್ಯಾಟಿನ್‌ನಿಂದ ನಮ್ಮ ಭಾಷೆಗಳಿಗೆ ಬಂದದ್ದೂ ಆಗಲೇ. ಅಪ್ಪ ಹುಡುಗನಾಗಿದ್ದಾಗ ಅರ್ಥವಾಗದೆ ಬಾಯಿಪಾಠ ಹೇಳಿದ ಮಂತ್ರಗಳು ಒಂದು ದಿನ ಕೊಂಕಣಿಯಲ್ಲಿ, ಕನ್ನಡದಲ್ಲಿ ಕೇಳಿಸಿದವು.

ಅಪ್ಪ ಅಮ್ಮನ ಮದುವೆ ಆಗಲು ಸಾಧ್ಯವಾದದ್ದೂ ಈ ಗಾಳಿಯಿಂದಲೇ. ಅದಕ್ಕೂ ಮೊದಲು ಇಂಥ ಮದುವೆಗೆ, ಮಕ್ಕಳನ್ನು ಕಥೋಲಿಕರಾಗಿಯೇ ಬೆಳೆಸುತ್ತೇವೆ ಎಂದು ಇಬ್ಬರೂ ಮಾತು ಕೊಡಬೇಕಿತ್ತು. 1970 ರಲ್ಲಿ ಪೋಪ್ ಆರನೇ ಪೌಲ್ ಅದನ್ನು ಸಡಿಲ ಮಾಡಿದರು. ಕಥೋಲಿಕ ಕಡೆಯವರು ತಮ್ಮಿಂದಾದಷ್ಟು ಮಾಡುತ್ತೇವೆ ಎಂದು ಮಾತು ಕೊಟ್ಟರೆ ಸಾಕು, ಇನ್ನೊಬ್ಬರಿಗೆ ಅದು ತಿಳಿದಿದ್ದರೆ ಸಾಕು. ಆದರೂ ಮದುವೆ ಮಾತು ನಡೆಯುವಾಗ ಒಬ್ಬ ಗುರುಗಳು “ಹುಡುಗಿಯನ್ನು ನಮ್ಮ ಕಡೆ ಸೇರಿಸಿಬಿಡಿ, ಸುಲಭ” ಅಂದಿದ್ದರಂತೆ. ಅಜ್ಜಿಯ ಕಡೆ ಒಬ್ಬ ಹಿರಿಯರು “ಮಗಳನ್ನು ರೋಮಿಗೆ ಕೊಡ್ತೀರಾ?” ಅಂದಿದ್ದರಂತೆ. ಅಮ್ಮ ಸೇರಲಿಲ್ಲ. ಅಪ್ಪ ಒತ್ತಾಯ ಮಾಡಲಿಲ್ಲ.

ಇದೇ ಆರನೇ ಪೌಲ್ 1967 ರಲ್ಲಿ ಒಂದು ಮಾತು ಒಪ್ಪಿಕೊಂಡಿದ್ದರು. ಕ್ರೈಸ್ತರ ಐಕ್ಯತೆಯ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಪೋಪ್ ಎಂಬುದು ತಮಗೆ ಗೊತ್ತು ಎಂದು. ಆ ಪೀಠದಲ್ಲಿ ಕೂತು ಹಾಗೆ ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು. 1995 ರಲ್ಲಿ ಎರಡನೇ ಜಾನ್ ಪಾಲ್ ಇನ್ನೊಂದು ಹೆಜ್ಜೆ ಇಟ್ಟರು. ಈ ಪೀಠದ ಮೂಲ ಕೆಲಸ ಬಿಡಲಾರೆ, ಆದರೆ ಅದನ್ನು ನಡೆಸುವ ರೀತಿ ಬದಲಾಗಬಹುದು, ಹೇಗೆ ಎಂದು ನೀವೆಲ್ಲ ನನ್ನ ಜೊತೆ ಸೇರಿ ಹುಡುಕಿ ಎಂದು ಬೇರೆ ಸಭೆಗಳನ್ನು ಕೇಳಿಕೊಂಡರು.

ಆಮೇಲಿನದು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. 1999 ರ ಅಕ್ಟೋಬರ್ 31 ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು ಮತ್ತು ಕಥೋಲಿಕರು ಒಂದು ಹೇಳಿಕೆಗೆ ಸಹಿ ಹಾಕಿದರು. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ಕೃಪೆಯಿಂದ ಎಂಬುದರಲ್ಲಿ ಮೂಲ ಒಪ್ಪಿಗೆ ಇದೆ ಎಂದು. ಲೂಥರ್ ಜೀವ ತೇಯ್ದದ್ದು ಈ ವಿಷಯಕ್ಕೇ. ಮೆಥಡಿಸ್ಟರು 2006 ರಲ್ಲಿ ಇದಕ್ಕೆ ಸೇರಿದರು. ಅಂದರೆ ಜಗಳದ ಮೊದಲ ಕಾರಣ ಬಹುಮಟ್ಟಿಗೆ ಕರಗಿದೆ. ಉಳಿದಿರುವುದು ಅಧಿಕಾರದ ಪ್ರಶ್ನೆ. ಆದರೆ 2000 ದಲ್ಲಿ ರೋಮಿನ ಒಂದು ದಾಖಲೆ, ಪ್ರೊಟೆಸ್ಟೆಂಟ್ ಸಮುದಾಯಗಳು ಸರಿಯಾದ ಅರ್ಥದಲ್ಲಿ ಸಭೆಗಳಲ್ಲ ಎಂದಿತು. ಅಮ್ಮನ ಅಯ್ಯನವರು ಅದನ್ನು ಈಗಲೂ ಮರೆತಿಲ್ಲ. ನನಗೂ ಆ ಮಾತು ಬೇಡವಿತ್ತು ಅನ್ನಿಸುತ್ತದೆ.

2016 ರಲ್ಲಿ ಪೋಪ್ ಫ್ರಾನ್ಸಿಸ್ ಸ್ವೀಡನ್ನಿನ ಲುಂಡ್‌ಗೆ ಹೋಗಿ ಲೂಥರನ್ನರ ಜೊತೆ ಸುಧಾರಣೆಯ ಐನೂರನೇ ವರ್ಷದ ಪ್ರಾರ್ಥನೆಯಲ್ಲಿ ನಿಂತರು. 2025 ರ ಅಕ್ಟೋಬರ್‌ನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಮತ್ತು ಇಂಗ್ಲೆಂಡಿನ ದೊರೆ ಚಾರ್ಲ್ಸ್ ಸಿಸ್ಟೀನ್ ಚಾಪೆಲ್‌ನಲ್ಲಿ ಒಟ್ಟಿಗೆ ಪ್ರಾರ್ಥಿಸಿದರು. ಎಂಟನೇ ಹೆನ್ರಿ ರೋಮನ್ನು ಬಿಟ್ಟ ಮೇಲೆ ಇಂಥದು ನಡೆದಿರಲಿಲ್ಲ.

ಪ್ರೊಟೆಸ್ಟೆಂಟರು ಎಂದು ಒಂದೇ ಮಾತಿನಲ್ಲಿ ಹೇಳುವುದೂ ಸರಿಯಲ್ಲ. ಆಂಗ್ಲಿಕನ್, ಲೂಥರನ್ ಪಂಡಿತರಲ್ಲಿ ಹಲವರು ಎಲ್ಲ ಸಭೆಗಳಿಗೂ ಒಬ್ಬ ಹಿರಿಯ ಇರುವುದು ಒಳ್ಳೆಯದೇ ಅನ್ನುತ್ತಾರೆ, ಮೆಲಾಂಕ್ಥನ್ ಹಾಕಿದಂಥ ಷರತ್ತುಗಳೊಂದಿಗೆ. ಬ್ಯಾಪ್ಟಿಸ್ಟರಿಗೆ ಪ್ರತಿ ಸಭೆಯೂ ಸ್ವತಂತ್ರ. ನಮ್ಮ ಕಡೆ ಈಚೆಗೆ ಹೆಚ್ಚಾಗಿರುವ ಪ್ರಾರ್ಥನಾ ಮಂದಿರಗಳಲ್ಲಿ, ಪೆಂತೆಕೋಸ್ತಿನವರಲ್ಲಿ, ಪೋಪ್ ಪ್ರಶ್ನೆ ಬಹಳ ಸಲ ಬರುವುದೇ ಇಲ್ಲ. ಬಂದರೆ ಬೈಬಲಿನ ಪ್ರಕಟನೆ ಗ್ರಂಥದಲ್ಲಿರುವ ದುಷ್ಟ ನಗರ ಬಾಬಿಲೋನ್ ಎಂದು ಬರುತ್ತದೆ. ಭದ್ರಾವತಿ, ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ರಬ್ಬರ್, ಮೆಣಸು ಬೆಳೆದವರಿದ್ದಾರೆ. ಅವರಲ್ಲಿ ಸಿರೋ ಮಲಬಾರ್ ಕಥೋಲಿಕರಿಗೆ 2007 ರಲ್ಲಿ ಭದ್ರಾವತಿಯಲ್ಲೇ ಧರ್ಮಪ್ರಾಂತ್ಯ ಆಯಿತು. ಅವರ ಪೂಜಾ ಪದ್ಧತಿ ಬೇರೆ, ಆಡಳಿತ ಬೇರೆ, ಪೋಪ್ ಮಾತ್ರ ಒಬ್ಬರೇ. ಪೋಪ್ ಅಡಿಯಲ್ಲಿದ್ದೂ ತಮ್ಮ ಮನೆಯ ಕೀಲಿಕೈ ತಮ್ಮಲ್ಲೇ ಇಟ್ಟುಕೊಳ್ಳಬಹುದು ಎನ್ನುವುದಕ್ಕೆ ಅವರು ನಮ್ಮ ಪಕ್ಕದಲ್ಲೇ ಇರುವ ಉದಾಹರಣೆ.

2024 ರ ಜೂನ್‌ನಲ್ಲಿ ವ್ಯಾಟಿಕನ್ನಿನ ಐಕ್ಯತೆಯ ಇಲಾಖೆ ಒಂದು ಅಧ್ಯಯನ ಹೊರತಂದಿತು. 1995 ರ ಕರೆಗೆ ಬೇರೆ ಸಭೆಗಳು ಕೊಟ್ಟ ಉತ್ತರಗಳನ್ನೆಲ್ಲ ಅದು ಒಟ್ಟಿಗೆ ಇಟ್ಟು ನೋಡುತ್ತದೆ. 1870 ರ ತೀರ್ಮಾನವನ್ನು ಹೊಸದಾಗಿ ವಿವರಿಸಬೇಕು, ಪೋಪ್ ತಮ್ಮ ಬೇರೆ ಬೇರೆ ಜವಾಬ್ದಾರಿಗಳನ್ನು ಬೇರೆ ಮಾಡಿ ತೋರಿಸಬೇಕು, ಸಭೆಗಳ ಮುಖ್ಯಸ್ಥರು ಆಗಾಗ ಒಟ್ಟಿಗೆ ಕೂರಬೇಕು ಎಂಬ ಸಲಹೆಗಳಿವೆ. ಅಪ್ಪನಿಗೆ ಇದನ್ನು ಓದಿ ಹೇಳಿದೆ. “ಜಗದ್ಗುರುಗಳು ಇರಬೇಕು. ಇಲ್ಲದಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ” ಅಂದರು. ಅಮ್ಮ, “ಇರಲಿ, ನಾನು ಬೇಡ ಅಂದಿಲ್ಲ. ಮೊದಲು ನನ್ನನ್ನ ಊಟಕ್ಕೆ ಕರೀಲಿ” ಅಂದರು.

ಅಮ್ಮ ಊಟ ಅಂದದ್ದು ಯೇಸುವಿನ ಕೊನೆಯ ಊಟದ ನೆನಪಿಗೆ ಪೂಜೆಯಲ್ಲಿ ಹಂಚುವ ಪ್ರಸಾದಕ್ಕೆ. ಅಮ್ಮನ ಸಭೆಯ ಕರ್ತನ ಮೇಜಿಗೆ ದೀಕ್ಷಾಸ್ನಾನ ಆದ ಬೇರೆ ಸಭೆಯವರೂ ಬರಬಹುದು. ಆದರೆ ಅಪ್ಪ ಅಲ್ಲಿ ತೆಗೆದುಕೊಳ್ಳಬಾರದು ಎನ್ನುತ್ತದೆ ಅಪ್ಪನ ಧರ್ಮಸಭೆಯ ನಿಯಮ. ಅಪ್ಪನ ಇಗರ್ಜಿಯಲ್ಲಿ ಅಮ್ಮನಿಗೆ ಪ್ರಸಾದ ಇಲ್ಲ, ಸಾವಿನ ಅಂಚಿನಂಥ ತೀರಾ ಅಪರೂಪದ ಸಂದರ್ಭ ಬಿಟ್ಟರೆ.

ಪ್ರತಿ ವರ್ಷ ಜನವರಿ 18 ರಿಂದ 25 ರವರೆಗೆ ಕ್ರೈಸ್ತರ ಐಕ್ಯತೆಯ ಪ್ರಾರ್ಥನಾ ವಾರ. ಆ ವಾರದ ಒಂದು ಸಂಜೆ ನಾವು ಮೂವರೂ ಒಟ್ಟಿಗೆ ಹೋಗುತ್ತೇವೆ. ನಂಬಿಕೆಯ ಸಾರ ಹೇಳುವಾಗ ಅಪ್ಪ “ಪವಿತ್ರ ಕಥೋಲಿಕ ಧರ್ಮಸಭೆ” ಅನ್ನುತ್ತಾರೆ, ಅಮ್ಮ ಅದೇ ಜಾಗದಲ್ಲಿ “ಪರಿಶುದ್ಧ ಸಾರ್ವತ್ರಿಕ ಸಭೆ” ಅನ್ನುತ್ತಾರೆ. ಗ್ರೀಕಿನಲ್ಲಿ ಕಥೋಲಿಕ ಅಂದರೂ ಸಾರ್ವತ್ರಿಕ ಎಂದೇ ಅರ್ಥ. ಭಾನುವಾರ ಅಮ್ಮ ತಮ್ಮ ಚರ್ಚಿನ ಬೆಳಗಿನ ಆರಾಧನೆ ಮುಗಿಸಿ, ಹಬ್ಬದ ದಿನವಾದರೆ ಅಪ್ಪನ ಜೊತೆ ಇಗರ್ಜಿಗೂ ಬರುತ್ತಾರೆ. ಪ್ರಸಾದದ ಹೊತ್ತಿಗೆ ಬೆಂಚು ಖಾಲಿಯಾಗುತ್ತದೆ. ಅಪ್ಪ ಸಾಲಿಗೆ ಹೋಗುವ ಮೊದಲು ಕನ್ನಡಕ ತೆಗೆದು ಅಮ್ಮನ ಕೈಗೆ ಕೊಡುತ್ತಾರೆ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸುತ್ತಾ, ಅವರು ವಾಪಸ್ ಬರುವವರೆಗೆ ಒಬ್ಬರೇ ಕೂತಿರುತ್ತಾರೆ.